ಬಿಸಿಲಿನ ಮೇಲೆ ಹೊರಿಸಿದ ವಯಸ್ಸು

ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಹುಡುಗಿ ಮೈನೆರೆದಾಗ ಸೋದರಮಾವ ಹಸಿರು ಸೊಪ್ಪು ತಂದು ಗುಡ್ಲು ಹಾಕುತ್ತಿದ್ದ. ಅವಳನ್ನು ಅದರಲ್ಲಿ ಕೂರಿಸಿ, ಚಿಗಳಿ, ಕೊಬ್ಬರಿ, ತುಪ್ಪ ತಿನ್ನಿಸಿ, ಹೆಂಗಸರು ಸೋಬಾನೆ ಹಾಡಿ ಆರತಿ ಎತ್ತುತ್ತಿದ್ದರು. ಆ ಆಚರಣೆಯಲ್ಲಿ ವಯಸ್ಸಿನ ಮಾತೇ ಇಲ್ಲ. ‘ನೆರೆದಳು’, ‘ದೊಡ್ಡವಳಾದಳು’ ಎನ್ನುವುದು ನಡೆದುಹೋದ ಸಂಗತಿಯ ಹೆಸರು. ಹನ್ನೆರಡಕ್ಕೋ ಹದಿನಾರಕ್ಕೋ ಎಂದು ಯಾರೂ ಮೊದಲೇ ಗೆರೆ ಎಳೆದಿರಲಿಲ್ಲ. ಅದೇ ಸೀಮೆಯ ಅಗ್ರಹಾರಗಳಲ್ಲಿ ಕಟ್ಟಳೆ ತಿರುವುಮುರುವು. ಅಲ್ಲಿ ಮಗಳು ನೆರೆಯುವ ಮೊದಲೇ ಧಾರೆ ಎರೆದಿರಬೇಕು, ನೆರೆದ ಮೇಲೆ ನಡೆಯುವುದು ಪ್ರಸ್ತ. ಬಿಸಿಲು ಒಂದೇ, ಮಳೆ ಒಂದೇ, ಕಟ್ಟಳೆ ಮಾತ್ರ ಎರಡು. ಬಿಸಿ ದೇಶದ ಹವೆಯೇ ಹೆಣ್ಣುಮಕ್ಕಳನ್ನು ಬೇಗ ಮಾಗಿಸುತ್ತದೆ, ಅದಕ್ಕಾಗಿಯೇ ಅಲ್ಲಿ ಎಳೆಯ ವಯಸ್ಸಿನ ಮದುವೆ ಎಂದು ಶತಮಾನಗಟ್ಟಲೆ ಹೇಳುತ್ತ ಬಂದ ಪಂಡಿತರ ಕಣ್ಣಿಗೆ ಇಷ್ಟು ಸರಳವಾದ ಸಂಗತಿ ಬೀಳಲಿಲ್ಲ.

ಆ ಮಾತಿಗೆ ಅಧಿಕಾರದ ಮುದ್ರೆ ಒತ್ತಿದವರಲ್ಲಿ ಮುಖ್ಯನಾದವನು ಫ್ರಾನ್ಸಿನ ಚಿಂತಕ ಮಾಂಟೆಸ್ಕ್ಯೂ. 1748ರ ತನ್ನ ಕಾನೂನು ಗ್ರಂಥದಲ್ಲಿ ಅವನು, ಬಿಸಿ ದೇಶಗಳ ಹುಡುಗಿಯರು ಎಂಟು, ಒಂಬತ್ತು, ಹತ್ತಕ್ಕೇ ಮದುವೆಗೆ ತಯಾರಾಗುತ್ತಾರೆ, ಬುದ್ಧಿ ಬಲಿಯುವಷ್ಟರಲ್ಲಿ ಅವರ ರೂಪ ಕಳೆದಿರುತ್ತದೆ, ಹೀಗಾಗಿ ಅವರು ಪರಾಧೀನರಾಗಿಯೇ ಇರಬೇಕಾಗುತ್ತದೆ ಎಂದು ವಾದಿಸಿದ. ಹೆಣ್ಣಿನ ಅಧೀನತೆಯನ್ನು ಸೂರ್ಯನ ಲೆಕ್ಕಕ್ಕೆ ಬರೆದರೆ ಮನುಷ್ಯರ ಮೇಲೆ ಹೊಣೆ ಉಳಿಯುವುದಿಲ್ಲ. ಇದನ್ನು ಅಂಕಿಗಳಿಂದ ಪ್ರಶ್ನಿಸಿದವನು ಮ್ಯಾಂಚೆಸ್ಟರಿನ ಶಸ್ತ್ರವೈದ್ಯ ಜಾನ್ ರಾಬರ್ಟನ್. 1832ರಲ್ಲಿ ಅವನು ತನ್ನೂರಿನ ಸುಮಾರು 450 ಹೆಂಗಸರ ಮೊದಲ ಮುಟ್ಟಿನ ವಯಸ್ಸನ್ನು ಕಲೆಹಾಕಿದ. ಚಳಿಯ ಆ ಊರಿನಲ್ಲೇ ಕೆಲವರು ಹನ್ನೊಂದಕ್ಕೆ, ಕೆಲವರು ಇಪ್ಪತ್ತಕ್ಕೆ ನೆರೆದಿದ್ದರು. ಮುಂದೆ ಕಲ್ಕತ್ತದ ವೈದ್ಯರಿಂದಲೂ ಲೆಕ್ಕ ತರಿಸಿಕೊಂಡು, ಇಂಡಿಯಾದ ಎಳೆಯ ಮದುವೆಗೆ ಕಾರಣ ಹವೆಯಲ್ಲ, ರೂಢಿ ಎಂದು ಬರೆದ. ಅವನ ಮಾತಿನಲ್ಲೂ ಪೂರ್ವದೇಶಗಳ ಬಗ್ಗೆ ತಾತ್ಸಾರ ಇತ್ತು ನಿಜ. ಆದರೂ ವಾದ ಮಾಡುವ ಮೊದಲು ಎಣಿಸಿ ನೋಡಬೇಕೆಂದು ಅವನಿಗೆ ಅನ್ನಿಸಿತು. ಆ ಕಾಲಕ್ಕೆ ಅದು ದೊಡ್ಡದು.

ಎಣಿಕೆ ಇದ್ದೂ ನಂಬಿಕೆ ಅಲುಗಲಿಲ್ಲ. 1890ರಲ್ಲಿ ಕಲ್ಕತ್ತದಲ್ಲಿ ಹತ್ತು-ಹನ್ನೊಂದು ವರ್ಷದ ಫುಲ್‌ಮಣಿ ಗಂಡನ ಬಲಾತ್ಕಾರದಿಂದ ಸತ್ತಳು. ಮರುವರ್ಷ ಸರ್ಕಾರ ದೈಹಿಕ ಸಂಬಂಧಕ್ಕೆ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿತು. ಚರ್ಚೆಯೆಲ್ಲ ನಿಂತದ್ದು ಒಂದೇ ಪ್ರಶ್ನೆಯ ಮೇಲೆ: ನಮ್ಮ ಹುಡುಗಿಯರು ಹನ್ನೆರಡಕ್ಕೆ ಮೊದಲು ನೆರೆಯುತ್ತಾರೆಯೇ? ಹಾಗೆ ನೆರೆಯುವವರು ವಿರಳ, ಆದ್ದರಿಂದ ನೆರೆದ ಕೂಡಲೇ ನಡೆಯಬೇಕಾದ ಗರ್ಭಾಧಾನದ ಸಂಸ್ಕಾರಕ್ಕೆ ಅಡ್ಡಿಯಿಲ್ಲ ಎಂದು ಸರ್ಕಾರದ ಪಕ್ಷ. ಒಬ್ಬಳು ನೆರೆದರೂ ಧರ್ಮಕ್ಕೆ ಭಂಗ ಎಂದು ವಿರೋಧದ ಪಕ್ಷ. ಇಬ್ಬರೂ ಮಗುವಿನ ಮೈಯನ್ನೇ ಸಾಕ್ಷಿಕಟ್ಟೆಗೆ ಹತ್ತಿಸಿದರು, ಆ ಮೈ ಯಾವಾಗಲೂ ಒಂದೇ ಸಾಕ್ಷಿ ನುಡಿಯುತ್ತದೆಂದು ನಂಬಿದರು. ಹನ್ನೆರಡಕ್ಕೆ ಮುಟ್ಟು ಶುರುವೆಂದ ಸುಶ್ರುತ ಸಂಹಿತೆಯೇ ಹದಿನಾರು ತುಂಬದವಳ ಬಸಿರು ನಿಲ್ಲದೆಂದೂ ಎಚ್ಚರಿಸಿತ್ತು. ನೆರೆಯುವುದು ಬೇರೆ, ಹೆರಲು ತಯಾರಾಗುವುದು ಬೇರೆ ಎಂಬ ತಿಳಿವು ನಮ್ಮ ವೈದ್ಯಕ್ಕೆ ಹೊಸದಲ್ಲ. 1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಕಾಯ್ದೆ ಮಾಡಿ ಎಂಟು ತುಂಬದ ಹುಡುಗಿಯ ಮದುವೆಯನ್ನೂ, ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದವಳನ್ನು ಕಟ್ಟಿಕೊಳ್ಳುವುದನ್ನೂ ತಡೆಯಿತು. ಆ ಕಾಲಕ್ಕೆ ಅದು ಧೈರ್ಯದ ಕೆಲಸವೇ. ಆದರೂ ಎಂಟು ಎಂಬ ಗೆರೆ, ನೆರೆಯುವ ಮೊದಲು ಮದುವೆ ಎಂಬ ಕಟ್ಟಳೆಯನ್ನು ಮುಟ್ಟದೆ ಪಕ್ಕದಲ್ಲೇ ಹಾದುಹೋಯಿತು.

ಮೈ ನುಡಿಯುವ ಸಾಕ್ಷಿ ಬದಲಾಗುತ್ತದೆ ಎಂಬುದಕ್ಕೆ ಪುರಾವೆ ಒದಗಿಸಿದ್ದು ಯೂರೋಪೇ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅಲ್ಲಿಯ ಬಡ ಹುಡುಗಿಯರು ನೆರೆಯುತ್ತಿದ್ದದ್ದು ಹದಿನೈದು ದಾಟಿದ ಮೇಲೆ. 1960ರ ಹೊತ್ತಿಗೆ ಅದು ಹದಿಮೂರರ ಆಸುಪಾಸಿಗೆ ಇಳಿದಿತ್ತು. ಇಂಗ್ಲೆಂಡಿನ ವೈದ್ಯ ಜೇಮ್ಸ್ ಟ್ಯಾನರ್ ಈ ಇಳಿಕೆಯನ್ನು ಲೋಕಕ್ಕೆ ತೋರಿಸಿಕೊಟ್ಟರು. ಅವರು ಬಳಸಿದ ಹಳೆಯ ಅಂಕಿಗಳಲ್ಲಿ ಕೆಲವು ಅತಿಯಾದವು ಎಂದು ಮುಂದಿನವರು ತಿದ್ದಿದ್ದಾರೆ. ಇಳಿಕೆಯ ದಿಕ್ಕನ್ನು ಮಾತ್ರ ಯಾರೂ ಅಲ್ಲಗಳೆದಿಲ್ಲ. ಎರಡನೆಯ ಮಹಾಯುದ್ಧದ ಹಸಿವಿನ ವರ್ಷಗಳಲ್ಲಿ ಹಲವು ದೇಶಗಳಲ್ಲಿ ಆ ವಯಸ್ಸು ಮತ್ತೆ ಮುಂದಕ್ಕೆ ಹೋಯಿತು. ಸೂರ್ಯ ಬದಲಾಗಿರಲಿಲ್ಲ, ರಕ್ತವೂ ಬದಲಾಗಿರಲಿಲ್ಲ. ಬದಲಾದದ್ದು ತಟ್ಟೆಯಲ್ಲಿದ್ದ ಅನ್ನ, ಕಾಡುತ್ತಿದ್ದ ರೋಗ, ಎಳೆಯ ಕೈಗಳ ಮೇಲೆ ಬಿದ್ದ ದುಡಿಮೆ.

ಹಾಗಾದರೆ ಹಿಂದೆ ಉಂಡದ್ದರ ಲೆಕ್ಕವನ್ನು ಮೈ ಎಲ್ಲಿ ಬರೆದಿಟ್ಟುಕೊಳ್ಳುತ್ತದೆ? ಎಪಿಜೆನೆಟಿಕ್ಸ್ ಎಂಬ ವಿಜ್ಞಾನ ಉತ್ತರ ಹುಡುಕುತ್ತಿರುವುದು ಇದಕ್ಕೇ. ವಂಶವಾಹಿಯ ಅಕ್ಷರಗಳು ಬದಲಾಗದೆ, ಅವುಗಳ ಮೇಲೆ ಅಂಟುವ ರಾಸಾಯನಿಕ ಗುರುತುಗಳಿಂದ ಅವು ಮಾತಾಡುವುದೋ ಸುಮ್ಮನಿರುವುದೋ ನಿರ್ಧಾರವಾಗುತ್ತದೆ. ರೈತನ ಮಾತಿನಲ್ಲಿ ಹೇಳುವುದಾದರೆ ಬೀಜ ಅದೇ, ಮೊಳೆಯುವುದು ಹದ ಬಂದಾಗ. ಮಿದುಳಿನ ಹೈಪೋಥಲಾಮಸ್ ಎಂಬ ಭಾಗದಲ್ಲಿ ಕಿಸ್‌ಪೆಪ್ಟಿನ್ ತಯಾರಿಸುವ ವಂಶವಾಹಿ ಕೆಲಸ ಮಾಡುತ್ತದೆ. ಪ್ರಾಯದ ಚಾಲನೆ ಸಿಗುವುದು ಅದರಿಂದ. 2013ರಲ್ಲಿ ಅಮೆರಿಕದ ಅಲೆಹಾಂದ್ರೊ ಲೊಮ್ನಿಚಿ, ಸೆರ್ಗಿಯೊ ಒಹೇಡಾ ಮತ್ತು ಜೊತೆಗಾರರು ಹೆಣ್ಣಿಲಿಗಳಲ್ಲಿ ಕಂಡದ್ದು ಇದು: ಎಳವೆಯಲ್ಲಿ ಪಾಲಿಕೋಂಬ್ ಎಂಬ ಪ್ರೋಟೀನುಗಳ ಗುಂಪು ಈ ವಂಶವಾಹಿಯನ್ನು ಅದುಮಿ ಹಿಡಿದಿರುತ್ತದೆ, ಪ್ರಾಯ ಹತ್ತಿರವಾದಂತೆ ಆ ಹಿಡಿತ ಸಡಿಲುತ್ತದೆ. ಐದು ವರ್ಷಗಳ ನಂತರ ಸ್ಪೇನ್ ಮತ್ತು ಅಮೆರಿಕದ ಸಂಶೋಧಕರು, ಅದೇ ಜಾಗದಲ್ಲಿ ಕೂರುವ ಎಸ್‌ಐಆರ್‌ಟಿ1 ಎಂಬ ಪ್ರೋಟೀನು ಅರೆಹೊಟ್ಟೆಯ ಇಲಿಗಳಲ್ಲಿ ತಡವಾಗಿಯೂ ಹೊಟ್ಟೆ ಮೀರಿ ಉಂಡವುಗಳಲ್ಲಿ ಬೇಗವೂ ಜಾಗ ಬಿಡುತ್ತದೆಂದು ತೋರಿಸಿದರು. ಊಟಕ್ಕೂ ಪ್ರಾಯಕ್ಕೂ ನಡುವೆ ಇರುವ ಕೊಂಡಿ ಹೀಗೆ ಕಣ್ಣಿಗೆ ಬಿತ್ತು.

ಇಲ್ಲಿ ಬಲವಾದ ಆಕ್ಷೇಪವೊಂದಿದೆ. ಹಸಿವು ಪ್ರಾಯವನ್ನು ತಡಮಾಡುವುದಾದರೆ, ಬಾಲ್ಯದಲ್ಲಿ ಹಸಿದವರು ಎಂದೂ ಬೇಗ ನೆರೆಯಬಾರದು. ಆದರೆ ಸ್ವೀಡನ್ನಿನ ಕುಟುಂಬಗಳು ದತ್ತು ಪಡೆದ ಭಾರತದ ಹುಡುಗಿಯರ ಅಧ್ಯಯನವೊಂದು 1991ರಲ್ಲಿ ಪ್ರಕಟವಾಯಿತು. 107 ಹುಡುಗಿಯರಲ್ಲಿ ಅರ್ಧದಷ್ಟು ಮಂದಿ 11.6 ವರ್ಷದೊಳಗೇ ನೆರೆದಿದ್ದರು. ಸ್ವೀಡಿಷ್ ಹುಡುಗಿಯರಿಗೆ ಆ ಹೊತ್ತಿಗೆ ಹದಿಮೂರು, ಭಾರತದ ಉಳ್ಳವರ ಮನೆಯ ಹುಡುಗಿಯರಿಗೆ ಹನ್ನೆರಡರ ಮೇಲೆ. ಬರುವಾಗ ತೀರಾ ಕುಗ್ಗಿದ್ದು ಆಮೇಲೆ ಸರಸರನೆ ಬೆಳೆದವರೇ ಎಲ್ಲರಿಗಿಂತ ಬೇಗ ನೆರೆದವರು. ಬೆಳವಣಿಗೆಯೂ ಬೇಗ ನಿಂತು ಹಲವರು ಗಿಡ್ಡಗಾಗಿಯೇ ಉಳಿದರು. ಅನಾಥಾಲಯದಿಂದ ಬಂದ ಮಕ್ಕಳ ವಯಸ್ಸು ಅಂದಾಜಿನದು ಎಂಬ ಶಂಕೆ ನ್ಯಾಯವಾದದ್ದೇ. ಆದರೆ ಡೆನ್ಮಾರ್ಕ್, ಬೆಲ್ಜಿಯಂಗಳಲ್ಲೂ ದತ್ತು ಮಕ್ಕಳಲ್ಲಿ ಇದೇ ಕಂಡಿತು. ಬೆಲ್ಜಿಯಂನವರು ಆ ಮಕ್ಕಳ ರಕ್ತದಲ್ಲಿ ಡಿಡಿಟಿ ಎಂಬ ಕೀಟನಾಶಕದ ಅವಶೇಷ ಕಂಡು ಅದರ ಮೇಲೂ ಅನುಮಾನ ಪಟ್ಟರು, ಅದನ್ನು ತಳ್ಳಿಹಾಕಲಾಗದು. ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಬರಗಾಲ ಮತ್ತು ಸುಗ್ಗಿ ಬಂದ ಸರದಿ. ಮೈ ಇವತ್ತಿನ ಊಟವನ್ನಷ್ಟೇ ನೋಡುವುದಿಲ್ಲ. ಮೊದಲ ವರ್ಷಗಳ ಕೊರತೆಯನ್ನು ನೆನಪಿಟ್ಟುಕೊಂಡು, ಅದರ ಎದುರಿಗೆ ಇವತ್ತಿನದನ್ನು ಇಟ್ಟು ತೂಗುತ್ತದೆ. ಬಿಸಿಲು ಬಿಟ್ಟು ಹಿಮದ ನಾಡಿಗೆ ಹೋದ ಈ ಮಕ್ಕಳು ತಡವಾಗಿ ನೆರೆಯಬೇಕಿತ್ತಲ್ಲವೇ, ಮಾಂಟೆಸ್ಕ್ಯೂನ ಮಾತು ನಿಜವಾಗಿದ್ದರೆ?

ಅವ್ವನಂತೆ ಮಗಳು, ಇದೆಲ್ಲ ವಂಶದ ಗುಣ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಮೊದಲ ಮುಟ್ಟಿನ ವಯಸ್ಸಿಗೆ ತಳಕುಹಾಕಿಕೊಂಡ ನೂರಾರು ಸ್ಥಾನಗಳನ್ನು ವಂಶವಾಹಿಗಳಲ್ಲಿ ಗುರುತಿಸಲಾಗಿದೆ. ಆದರೆ ಒಂದೇ ರೀತಿ ಉಂಡು ಬೆಳೆದ ಇಬ್ಬರ ನಡುವಿನ ವ್ಯತ್ಯಾಸಕ್ಕೆ ವಂಶ ಉತ್ತರ ಕೊಡಬಲ್ಲದು. ಮುತ್ತಜ್ಜಿಗೂ ಮರಿಮಗಳಿಗೂ ನಡುವೆ ಎರಡು-ಮೂರು ವರ್ಷ ಇಳಿದದ್ದಕ್ಕೆ ಕೊಡಲಾರದು, ನಾಲ್ಕು ತಲೆಮಾರಿನಲ್ಲಿ ವಂಶವಾಹಿ ಅಷ್ಟು ಬದಲಾಗುವುದಿಲ್ಲ. ಇಲಿಯ ಮಿದುಳಿನಲ್ಲಿ ಕಂಡದ್ದನ್ನು ಮಗುವಿನ ಮೇಲೆ ಹೇರಬಾರದು ಎಂಬ ಎಚ್ಚರಿಕೆ ಇದಕ್ಕಿಂತ ಗಟ್ಟಿಯಾದದ್ದು. ಬದುಕಿರುವ ಮಗುವಿನ ಹೈಪೋಥಲಾಮಸ್ ಕೊಯ್ದು ನೋಡಲಾಗದು, ರಕ್ತದಲ್ಲಿ ಸಿಗುವ ಗುರುತು ಮಿದುಳಿನದೇ ಎನ್ನಲಾಗದು. ಅಜ್ಜಿಯ ಹಸಿವು ಮೊಮ್ಮಗಳ ಮೈಗೆ ಇಳಿಯುತ್ತದೆ ಎಂಬ ಜನಪ್ರಿಯ ಮಾತಿಗೆ ಮನುಷ್ಯರಲ್ಲಿ ಆಧಾರ ತೆಳು. ಅದನ್ನು ನಾನು ಇಲ್ಲಿ ಆಶ್ರಯಿಸುತ್ತಿಲ್ಲ. ಪ್ರಾಯದ ವಯಸ್ಸು ನಾಡಿನದೂ ಅಲ್ಲ, ಜನಾಂಗದ್ದೂ ಅಲ್ಲ, ಬಹುಪಾಲು ಆ ಬಾಲ್ಯದ್ದು ಎನ್ನಲು ಒಂದೂವರೆ ಶತಮಾನದ ಎಣಿಕೆಯೇ ಸಾಕು. ಪ್ರಯೋಗಾಲಯ ತೋರಿಸಿರುವುದು ಅದು ಹೇಗೆ ಸಾಧ್ಯ ಎಂಬುದನ್ನು.

1929ರ ಶಾರದಾ ಕಾಯ್ದೆ ಹುಡುಗಿಯ ಮದುವೆಯ ವಯಸ್ಸನ್ನು ಹದಿನಾಲ್ಕಕ್ಕೆ ಏರಿಸಿ, ನೆರೆಯುವ ಮೊದಲು ಎಂಬ ಕಟ್ಟಳೆಯನ್ನು ನೇರವಾಗಿ ದಾಟಿತು. ಆ ಅಂಕಿ 1949ರಲ್ಲಿ ಹದಿನೈದಾಯಿತು, 1978ರಲ್ಲಿ ಹದಿನೆಂಟಾಯಿತು. ಕಾನೂನಿನ ವಯಸ್ಸು ಏರುತ್ತ ಹೋದ ಈ ಕಾಲದಲ್ಲೇ ಮೈಯ ವಯಸ್ಸು ಇಳಿಯುತ್ತ ಬಂದಿದೆ. ಗುಡ್ಲು ಈಗ ಅಪರೂಪ, ಚಿಗಳಿ ಮಾತ್ರ ಉಳಿದಿದೆ. ಆರತಿ ಎತ್ತಿಸಿಕೊಂಡ ಹುಡುಗಿ ಮರುವಾರ ಆರನೆಯ ತರಗತಿಯ ಬೆಂಚಿಗೆ ಮರಳುತ್ತಾಳೆ. ಅವಳ ಪಕ್ಕದಲ್ಲಿ ಇನ್ನೂ ನೆರೆಯದ ಗೆಳತಿಯೂ ಕೂತಿರುತ್ತಾಳೆ.