ಯಾರ್ಮತ್ ಹಡಗು ನಿಂತ ಕತೆ

ಇವತ್ತು ಕೆನಡಾದ ಒಂದು ಪುಟ್ಟ ಬಂದರಿನ ಕತೆ. ನೋವಾ ಸ್ಕೋಶಿಯಾದ ನೈಋತ್ಯ ತುದಿಯಲ್ಲಿ ಯಾರ್ಮತ್ ಅಂತ ಒಂದು ಊರಿದೆ. ಸಮುದ್ರ ದಾಟಿದರೆ ಅಮೆರಿಕದ ಮೇನ್ ರಾಜ್ಯ. ರಸ್ತೆಯಲ್ಲಾದರೆ ಫಂಡಿ ಕೊಲ್ಲಿಯನ್ನು ಪೂರ್ತಿ ಬಳಸಿಕೊಂಡು ಹೋಗಬೇಕು. 1956ರಿಂದ ಬ್ಲೂನೋಸ್ ಅನ್ನೋ ಹಡಗು ಜನರನ್ನೂ ಅವರ ಕಾರುಗಳನ್ನೂ ಬಾರ್ ಹಾರ್ಬರಿಗೆ ದಾಟಿಸುತ್ತಿತ್ತು. 1998ರಲ್ಲಿ ದಿ ಕ್ಯಾಟ್ ಅನ್ನೋ ವೇಗದ ಹಡಗು ಬಂತು.

2009ರ ಹೊತ್ತಿಗೆ ಆರ್ಥಿಕ ಹಿಂಜರಿತ. ಜೂನ್‌ನಿಂದ ಅಮೆರಿಕನ್ನರು ವಾಪಸ್ ಹೋಗೋಕೂ ಪಾಸ್‌ಪೋರ್ಟ್ ಥರದ ದಾಖಲೆ ತೋರಿಸಬೇಕಾಯ್ತು. ಪ್ರಯಾಣಿಕರು ಕಡಿಮೆಯಾದರು. ಡಿಸೆಂಬರಿನಲ್ಲಿ ಡ್ಯಾರೆಲ್ ಡೆಕ್ಸ್ಟರ್ ಅವರ ಪ್ರಾಂತೀಯ ಸರ್ಕಾರ ಇನ್ನು ಸಹಾಯಧನ ಇಲ್ಲ ಅಂದಿತು. ಕಂಪನಿ ಹಡಗು ನಿಲ್ಲಿಸಿತು.

ನಷ್ಟದ ಸರ್ವಿಸ್ ಮುಚ್ಚಿದ್ದು ಸರಿ ಅಂತಲೇ ನನಗೂ ಮೊದಲು ಅನ್ನಿಸಿತ್ತು. ಆದರೆ ಆಫೀಸಲ್ಲಿ ಹೀಗೇ ಒಂದು ಹಳೇ ಸಿಸ್ಟಮ್ ಆಫ್ ಮಾಡಿಸಿ, ಅದನ್ನು ನಂಬಿಕೊಂಡು ಏನೇನು ನಡೀತಿತ್ತು ಅಂತ ಆಮೇಲೆ ಗೊತ್ತಾಗಿ, ರಾತ್ರಿಯೆಲ್ಲ ಕೂತವನು ನಾನು. ಯಾರ್ಮತ್‌ನಲ್ಲಿ ಹಡಗನ್ನು ನಂಬಿಕೊಂಡಿದ್ದದ್ದು ಹೋಟೆಲು, ಲಾಡ್ಜು, ಅಂಗಡಿ. ನಾಲ್ಕು ಬೇಸಿಗೆ ಹಡಗೇ ಇಲ್ಲ.

2014ರಲ್ಲಿ ನೋವಾ ಸ್ಟಾರ್ ಹಡಗು ಪೋರ್ಟ್‌ಲ್ಯಾಂಡಿಗೆ ಹೊರಟಿತು. ಆ ದಾರಿಯ ರೂಢಿ ತಪ್ಪಿದ್ದ ಪ್ರವಾಸಿಗಳು ಅಂದುಕೊಂಡಷ್ಟು ಬರಲಿಲ್ಲ. ಸರ್ಕಾರ ಏಳು ವರ್ಷಕ್ಕೆಂದು ಎತ್ತಿಟ್ಟಿದ್ದ 2.1 ಕೋಟಿ ಡಾಲರ್ ಒಂದೇ ವರ್ಷದಲ್ಲಿ ಖಾಲಿ! 2015ರ ಸೀಸನ್ ಆದಮೇಲೆ ಅದೂ ನಿಂತಿತು.

2016ರಲ್ಲಿ ಮತ್ತೊಂದು ಹಡಗು ಬಂತು, ಸಹಾಯಧನದಲ್ಲೇ. ಹಳೇ ಕಂಪನಿಯೇ, ಹಳೇ ಹೆಸರೇ: ದಿ ಕ್ಯಾಟ್.