ಹೆಬ್ಬೆರಳಿಗೂ ಕಿರುಬೆರಳಿಗೂ ಹತ್ತೇ ಒಂಟೆ

ನಮ್ಮ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಉತ್ಪಾದನೆ ಆರಂಭವಾದುದು 1923ರಲ್ಲಿ. ಬ್ರಿಟಿಷ್ ಇಂಡಿಯಾದಲ್ಲಿ ಕಾರ್ಮಿಕರ ಪರಿಹಾರ ಕಾಯ್ದೆ ಅಂಗೀಕಾರವಾದುದೂ ಅದೇ ವರ್ಷ. ಮೈಸೂರು ಸಂಸ್ಥಾನಕ್ಕೆ ಅದು ನೇರವಾಗಿ ಅನ್ವಯಿಸುತ್ತಿರಲಿಲ್ಲ. ಮುಂದೆ ಇಲ್ಲಿಗೂ ಬಂದಿತು.

ಗಾಯಕ್ಕೆ ಪರಿಹಾರವೆಂಬುದು ಆಗ ಹುಟ್ಟಿದ ವಿಚಾರವಲ್ಲ. ಅಮ್ರ್ ಬಿನ್ ಹಝ್ಮ್(ರ)ರ ಹೆಸರಿನಿಂದ ಪ್ರಸಿದ್ಧವಾದ ಪ್ರವಾದಿ(ಸ)ಯವರ ಪತ್ರದಲ್ಲಿ ಪ್ರಾಣಕ್ಕೆ ನೂರು ಒಂಟೆ, ಕಣ್ಣಿಗೆ ಐವತ್ತು, ಕೈಗೆ ಐವತ್ತು, ಪ್ರತಿ ಬೆರಳಿಗೆ ಹತ್ತು, ಹಲ್ಲಿಗೆ ಐದು ಎಂದು ದಿಯತ್ ನಿಗದಿಯಾಗಿದೆ. ಹೆಬ್ಬೆರಳೂ ಕಿರುಬೆರಳೂ ಸಮಾನವೆಂದು ಇಬ್ನು ಅಬ್ಬಾಸ್(ರ)ರ ವರದಿಯಿಂದ ತಿಳಿಯುತ್ತೇವೆ.

ಕಾರ್ಮಿಕ ಕಾಯ್ದೆಯ ಅನುಸೂಚಿ ಹಾಗೆ ಹೇಳುವುದಿಲ್ಲ. ಅಲ್ಲಿ ಹೆಬ್ಬೆರಳು ಹೋದರೆ ಗಳಿಕೆಯ ಸಾಮರ್ಥ್ಯದಲ್ಲಿ ಶೇಕಡಾ 30 ನಷ್ಟ, ಕಿರುಬೆರಳು ಪೂರ್ತಿ ಹೋದರೆ ಶೇಕಡಾ 7. ಕಾಯ್ದೆ ದುಡಿಮೆಯನ್ನು ಅಳೆಯಿತು. ಶರೀಅತ್ ದೇಹವನ್ನೇ ಅಳೆಯಿತು. ನಮಗೆ ಎರಡನೆಯದು ಹೆಚ್ಚು ಕರುಣಾಮಯವೆನಿಸುತ್ತದೆ, ಆದರೆ ಲೇಥಿನ ಮುಂದೆ ನಿಲ್ಲುವವನಿಗೆ ಮೊದಲನೆಯದರ ಲೆಕ್ಕವೂ ಅರ್ಥವಾಗುತ್ತದೆ.

ಕೋಟೆಯ ಕೆಲವು ಮನೆಗಳಲ್ಲಿ ಪರಿಹಾರವನ್ನು 'ರಕ್ತದ ದುಡ್ಡು' ಎಂದು ಹಿಂಜರಿಯುವುದನ್ನು ಕಂಡಿದ್ದೇವೆ. ಕೈತಪ್ಪಿ ಆದ ಹತ್ಯೆಯಲ್ಲಿ ದಿಯತ್ ವಾರಸುದಾರರಿಗೆ ಒಪ್ಪಿಸಬೇಕಾದ ಹಕ್ಕು. ಕ್ಷಮಿಸಿ ಬಿಟ್ಟುಕೊಡುವುದು ಅವರ ಇಚ್ಛೆಗೆ ಸೇರಿದ್ದು ಎನ್ನುತ್ತದೆ ಪವಿತ್ರ ಕುರ್‌ಆನ್ (4:92). ಕ್ಷಮೆ ಬೇರೆ, ಸಂಕೋಚ ಬೇರೆ. ಗುದ್ದಿ ಓಡಿಹೋದ ವಾಹನದ ಗುರುತು ಸಿಗದಿದ್ದರೂ 2022ರ ಯೋಜನೆಯಂತೆ ಮರಣಕ್ಕೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಉಂಟು. ಇನ್ನು, ಪರಿಹಾರ ಬೇಡವೆಂದು ಕಾರ್ಮಿಕನಿಂದ ಮಾಲೀಕ ಬರೆಸಿಕೊಂಡ ಒಪ್ಪಂದವನ್ನು 1923ರ ಕಾಯ್ದೆಯ 17ನೇ ಕಲಂ ಅಸಿಂಧುವೆಂದೇ ಸಾರಿತ್ತು.