ಶಾಲೆಯ ವರ್ಕ್‌ಶಾಪಿನಲ್ಲಿ ಹುಟ್ಟಿದ ಕಾರು

ಕಾರು ಎಂದರೆ ದೊಡ್ಡ ಕಾರ್ಖಾನೆ, ಕೋಟಿಗಟ್ಟಲೆ ಬಂಡವಾಳ, ಸಾವಿರಾರು ಕೆಲಸಗಾರರು. ನಮ್ಮ ಮಕ್ಕಳ ಮನಸ್ಸಿನಲ್ಲಿರುವ ಚಿತ್ರ ಇದು. ದೊಡ್ಡವರ ಮನಸ್ಸಿನಲ್ಲಿರುವುದೂ ಇದೇ. ಆದರೆ ಇಂಗ್ಲೆಂಡಿನಲ್ಲಿ 1909ರಲ್ಲಿ ಒಂದು ಕಾರು ಶಾಲೆಯ ವರ್ಕ್‌ಶಾಪಿನಲ್ಲಿ ತಯಾರಾಯಿತು. ಅದಕ್ಕೆ ಕೂರಿಸಿದ್ದು ಬೈಕಿನ ಎಂಜಿನು. ಕೈಜೋಡಿಸಿದವರು ಆ ಶಾಲೆಯ ಒಬ್ಬ ಅಧ್ಯಾಪಕರು! ಆ ಗಾಡಿಯಿಂದ ಆರಂಭವಾದ ಕಂಪೆನಿ ಶತಮಾನ ದಾಟಿದ ಮೇಲೂ ಅದೇ ಊರಿನಲ್ಲಿ ಕಾರು ಕಟ್ಟುತ್ತಿದೆ. ಬೈಕಿನ ಎಂಜಿನು ಹಾಕಿ ಮನೆಯಲ್ಲೇ ಹಗುರವಾದ ಕಾರು ಕಟ್ಟಿದವರ ಈ ಚರಿತ್ರೆಯನ್ನು ನಮ್ಮ ಮಕ್ಕಳೂ ಹೆತ್ತವರೂ ಓದಬೇಕು ಎಂದು ಬರೆಯುತ್ತಿದ್ದೇನೆ.

ಪಾದ್ರಿಯ ಮಗ, ಶಾಲೆಯ ಮಾಸ್ತರರು

ಹೆನ್ರಿ ಫ್ರೆಡರಿಕ್ ಸ್ಟ್ಯಾನ್ಲಿ ಮಾರ್ಗನ್ ಹುಟ್ಟಿದ್ದು 1881ರಲ್ಲಿ. ತಂದೆ ಹಳ್ಳಿಯ ಇಗರ್ಜಿಯ ಪಾದ್ರಿ. ಹುಡುಗನಿಗೆ ಗಾಡಿಗಳ ಹುಚ್ಚು. 1899ರಲ್ಲಿ ಬಾಡಿಗೆಗೆ ತಂದ ಬೆಂಜ್ ಕಾರು ಇಳಿಜಾರಿನಲ್ಲಿ ಹಿಡಿತ ತಪ್ಪಿತು. ರಿಪೇರಿಗೆ 28 ಪೌಂಡು ತೆರಬೇಕಾಯಿತು, ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ನಮ್ಮಲ್ಲಾದರೆ “ಇನ್ನು ಗಾಡಿಯ ಹತ್ತಿರ ಸುಳಿಯಬೇಡ” ಎಂದು ಬಿಡುತ್ತಿದ್ದೆವೋ ಏನೋ. ಈ ತಂದೆ ಹಾಗೆ ಮಾಡಲಿಲ್ಲ. ಮಗ ಸ್ವಿಂಡನ್‌ನಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆಯಲ್ಲಿ ತರಬೇತಿ ಪಡೆದ. ಬಳಿಕ ಮಾಲ್ವರ್ನ್ ಲಿಂಕ್ ಎಂಬ ಊರಿನಲ್ಲಿ ಗ್ಯಾರೇಜು ತೆರೆದು, ಸಣ್ಣ ಬಸ್ಸನ್ನೂ ಓಡಿಸಿದ.

ಸ್ವಂತಕ್ಕೊಂದು ಬೈಕು ಕಟ್ಟಬೇಕೆಂದು ಮಾರ್ಗನ್ ಏಳು ಅಶ್ವಶಕ್ತಿಯ ಪ್ಯೂಜೋ ಎಂಜಿನು ಕೊಂಡಿದ್ದ. ಎರಡು ಸಿಲಿಂಡರುಗಳು ‘ವಿ’ ಅಕ್ಷರದಂತೆ ಓರೆಯಾಗಿ ನಿಂತ ಎಂಜಿನು ಅದು. ಮತ್ತೆ ಮನಸ್ಸು ಬದಲಾಯಿಸಿ ಮೂರು ಚಕ್ರದ ಗಾಡಿ ಕಟ್ಟಲು ಹೊರಟ. ಆದರೆ ಗ್ಯಾರೇಜಿನಲ್ಲಿ ಕಬ್ಬಿಣ ಕಡೆಯುವ, ಕೊರೆಯುವ ಯಂತ್ರಗಳು ಸಾಕಷ್ಟು ಇರಲಿಲ್ಲ. ಹತ್ತಿರದಲ್ಲೇ ಮಾಲ್ವರ್ನ್ ಕಾಲೇಜು ಇತ್ತು. ಹೆಸರು ಕಾಲೇಜು ಎಂದಿದ್ದರೂ ಅದು ಹುಡುಗರ ಶಾಲೆ. ಅಲ್ಲಿ ಎಂಜಿನಿಯರಿಂಗ್ ಕಲಿಸುತ್ತಿದ್ದ ಸ್ಟೀಫನ್‌ಸನ್-ಪೀಚ್ ಎಂಬ ಅಧ್ಯಾಪಕರು ಶಾಲೆಯ ವರ್ಕ್‌ಶಾಪಿನಲ್ಲಿ ಕೆಲಸ ಮಾಡಲು ಬಿಟ್ಟರು, ತಾವೂ ನೆರವಾದರು. 1909ರಲ್ಲಿ ಗಾಡಿ ಓಡಿತು.

ರಿಕ್ಷಾವನ್ನು ತಿರುಗಿಸಿ ನಿಲ್ಲಿಸಿದ ಹಾಗೆ

ನಮ್ಮ ರಿಕ್ಷಾಕ್ಕೆ ಮುಂದೆ ಒಂದು, ಹಿಂದೆ ಎರಡು ಚಕ್ರ. ಮಾರ್ಗನ್ ಗಾಡಿಗೆ ಮುಂದೆ ಎರಡು, ಹಿಂದೆ ಒಂದು. ಇದರಲ್ಲೊಂದು ಜಾಣತನ ಇದೆ. ಕಾರು ತಿರುವಿನಲ್ಲಿ ಹೋಗುವಾಗ ಹೊರಬದಿಯ ಚಕ್ರ ಒಳಬದಿಯದಕ್ಕಿಂತ ಹೆಚ್ಚು ದೂರ ಉರುಳಬೇಕು. ಎಂಜಿನು ಎರಡು ಚಕ್ರಗಳನ್ನು ತಿರುಗಿಸುವುದಾದರೆ ಈ ವ್ಯತ್ಯಾಸ ಸರಿದೂಗಿಸಲು ‘ಡಿಫರೆನ್ಶಿಯಲ್’ ಎಂಬ ಗಿಯರ್ ಪೆಟ್ಟಿಗೆ ಬೇಕು. ಅದು ಭಾರ, ದುಬಾರಿ, ಮಾಡುವುದೂ ಕಷ್ಟ. ಎಂಜಿನು ಒಂದೇ ಚಕ್ರವನ್ನು ತಿರುಗಿಸಿದರೆ ಆ ಪೆಟ್ಟಿಗೆಯೇ ಬೇಡ!

ಗಾಡಿಯ ಬೆನ್ನೆಲುಬು ನಡುವಿನ ಒಂದು ಉಕ್ಕಿನ ಕೊಳವೆ. ಮುಂದೆ ಇರುವ ಎಂಜಿನಿನಿಂದ ಶಾಫ್ಟ್ ಆ ಕೊಳವೆಯೊಳಗೆ ಹಿಂದಕ್ಕೆ ಬರುತ್ತದೆ. ಅಲ್ಲಿಂದ ಎರಡು ಚೈನುಗಳು ಹಿಂದಿನ ಚಕ್ರಕ್ಕೆ. ಒಂದು ಚೈನು ನಿಧಾನದ ಗಿಯರಿಗೆ, ಇನ್ನೊಂದು ವೇಗದ ಗಿಯರಿಗೆ. ರಿವರ್ಸ್ ಇಲ್ಲ. ಸ್ಟಿಯರಿಂಗ್ ಚಕ್ರದ ಬದಲು ದೋಣಿಯ ಚುಕ್ಕಾಣಿಯಂತೆ ಒಂದು ಕೋಲು. ಆದರೆ ಮುಂದಿನ ಚಕ್ರಗಳೆರಡೂ ಬೇರೆ ಬೇರೆಯಾಗಿ ಸ್ಪ್ರಿಂಗಿನ ಮೇಲೆ ಏರಿಳಿಯುವ ಏರ್ಪಾಡು ಇತ್ತು. ಅದನ್ನು ಮಾರ್ಗನ್ ಕಂಪೆನಿ ನೂರು ವರ್ಷಕ್ಕೂ ಹೆಚ್ಚು ಕಾಲ ಬಳಸಿತು.

1910ರ ನವೆಂಬರಿನಲ್ಲಿ ಲಂಡನಿನ ಒಲಿಂಪಿಯಾ ಪ್ರದರ್ಶನದಲ್ಲಿ ಗಾಡಿಯನ್ನು ಇಟ್ಟರು. ಜನ ಮೆಚ್ಚಿದರು, ಆದರೆ ಕೊಂಡವರು ಕಡಿಮೆ. ಒಬ್ಬನೇ ಕೂರುವ ಗಾಡಿ ಯಾರಿಗೆ ಬೇಕು? 1911ರಲ್ಲಿ ಇಬ್ಬರು ಕೂರುವ ಗಾಡಿ ಬಂತು. ಲಂಡನಿನ ಪ್ರಸಿದ್ಧ ಹ್ಯಾರಡ್ಸ್ ಅಂಗಡಿಯ ಗಾಜಿನ ಕಿಟಕಿಯೊಳಗೆ ಅದು ನಿಂತಿತು. 1912ರಲ್ಲಿ ಮಾರ್ಗನ್ ಬ್ರೂಕ್‌ಲ್ಯಾಂಡ್ಸ್ ಓಟದ ಪಥದಲ್ಲಿ ಒಂದು ಗಂಟೆಗೆ ಸುಮಾರು 60 ಮೈಲಿ ಓಡಿಸಿ ತೋರಿಸಿದ. ಅದೇ ವರ್ಷ ಕಂಪೆನಿ ನೋಂದಣಿ ಆಯಿತು. ಅಧ್ಯಕ್ಷರು ಯಾರು ಗೊತ್ತೇ? 28 ಪೌಂಡಿನ ಪೆಟ್ಟು ಕಂಡ ಅದೇ ಪಾದ್ರಿ ತಂದೆ!

ತೂಕದ ಲೆಕ್ಕ

ಇಷ್ಟು ಸಣ್ಣ ಎಂಜಿನಿಗೆ ಅಷ್ಟು ವೇಗ ಹೇಗೆ? ಒಂಬತ್ತನೆಯ ತರಗತಿಯ ಮಕ್ಕಳು ನ್ಯೂಟನ್ನನ ಎರಡನೆಯ ನಿಯಮ ನೆನಪಿಸಿಕೊಳ್ಳಿ. ಬಲ ಅಷ್ಟೇ ಇದ್ದು ದ್ರವ್ಯರಾಶಿ ಅರ್ಧವಾದರೆ ವೇಗೋತ್ಕರ್ಷ ಇಮ್ಮಡಿ. 200 ಅಶ್ವಶಕ್ತಿಯ, 1,000 ಕಿಲೋ ತೂಕದ ಕಾರನ್ನೂ 100 ಅಶ್ವಶಕ್ತಿಯ, 500 ಕಿಲೋ ತೂಕದ ಕಾರನ್ನೂ ಹೋಲಿಸಿ. ಪ್ರತಿ ಕಿಲೋಗೆ ಸಿಗುವ ಶಕ್ತಿ ಎರಡರಲ್ಲೂ ಒಂದೇ. ತೂಕ ಕಡಿಮೆಯಾದರೆ ಬ್ರೇಕಿನ ಕೆಲಸವೂ ಹಗುರ, ಟಯರು ಸವೆಯುವುದೂ ಕಡಿಮೆ. ಶಕ್ತಿ ಹೆಚ್ಚಿಸಲು ಹಣ ಬೇಕು. ತೂಕ ಇಳಿಸಲು ಯೋಚನೆ ಬೇಕು. ಬಡವನ ಕೈಯಲ್ಲಿರುವುದು ಎರಡನೆಯ ದಾರಿ.

ತೆರಿಗೆಯೂ ಹಗುರ ಗಾಡಿಯ ಪಕ್ಷದಲ್ಲಿತ್ತು. ಬ್ರಿಟನಿನಲ್ಲಿ 1921ರಿಂದ ಕಾರಿಗೆ ಪ್ರತಿ ಅಶ್ವಶಕ್ತಿಗೆ ವರ್ಷಕ್ಕೆ ಒಂದು ಪೌಂಡು ತೆರಿಗೆ. ಸುಮಾರು 400 ಕಿಲೋದೊಳಗಿನ ಮೂರು ಚಕ್ರದ ಗಾಡಿಗಾದರೆ ಒಟ್ಟು ನಾಲ್ಕೇ ಪೌಂಡು. ಕಾರು ಕೊಳ್ಳಲಾಗದ ಎಷ್ಟೋ ಮಂದಿ ಇದರಿಂದ ಗಾಡಿ ಕಂಡರು.

ಕಷ್ಟಗಳೂ ಇದ್ದವು. 1924ರಲ್ಲಿ ಬ್ರೂಕ್‌ಲ್ಯಾಂಡ್ಸ್‌ನ ಓಟದಲ್ಲಿ ಒಂದು ಮಾರ್ಗನ್ ಉರುಳಿ ಸವಾರರಿಬ್ಬರೂ ತೀವ್ರ ಗಾಯಗೊಂಡರು. ಆ ಮೇಲೆ ಮೂರು ಚಕ್ರದ ಗಾಡಿಗಳು ಅಲ್ಲಿ ಕಾರುಗಳ ಜೊತೆ ಓಡುವುದಕ್ಕೆ ತಡೆ ಬಿತ್ತು. ಆದರೂ ಗಾಡಿಯ ಕೀರ್ತಿ ಕುಂದಲಿಲ್ಲ. 1930ರಲ್ಲಿ ಗ್ವೆಂಡಾ ಸ್ಟೀವರ್ಟ್ ಎಂಬ ಮಹಿಳೆ ಫ್ರಾನ್ಸಿನ ಮೋಂಟ್ಲೆರಿ ಪಥದಲ್ಲಿ ಮಾರ್ಗನ್ನನ್ನು ಗಂಟೆಗೆ 110 ಮೈಲಿಗೂ ಮಿಕ್ಕಿದ ವೇಗದಲ್ಲಿ ಓಡಿಸಿ ದಾಖಲೆ ಮಾಡಿದರು. ನಮ್ಮ ಹೆಣ್ಣುಮಕ್ಕಳು ಈ ಹೆಸರನ್ನೂ ನೆನಪಿಟ್ಟುಕೊಳ್ಳಲಿ. ಆಸ್ಟಿನ್ ಸೆವೆನ್‌ನಂಥ ಅಗ್ಗದ ಪುಟ್ಟ ಕಾರುಗಳು ಬಂದ ಮೇಲೆ ಮೂರು ಚಕ್ರದ ಬೇಡಿಕೆ ಇಳಿಯಿತು. 1936ರಲ್ಲಿ ಮಾರ್ಗನ್ ನಾಲ್ಕು ಚಕ್ರದ ಕಾರು ತಂದರು.

ಯುದ್ಧ ಮುಗಿದಾಗ ಒಂದು ಗ್ಯಾರೇಜು

ಎರಡನೆಯ ಮಹಾಯುದ್ಧ ಮುಗಿದಾಗ ಬ್ರಿಟನಿನಲ್ಲಿ ಎಲ್ಲದಕ್ಕೂ ಬರ. ಪೆಟ್ರೋಲಿಗೆ ರೇಷನ್. ಹೊಸ ಕಾರು ಕನಸಿನ ಮಾತು. ಆಗ ಬ್ರಿಸ್ಟಲಿನ ಕೆಲವು ಉತ್ಸಾಹಿಗಳು ಒಂದು ಉಪಾಯ ಹೂಡಿದರು: 500 ಸಿಸಿಯ ಬೈಕಿನ ಎಂಜಿನು ಹಾಕಿ ಅವರವರೇ ಕಟ್ಟಿದ ಕಾರುಗಳ ಓಟ ನಡೆಸೋಣ.

ಲಂಡನಿನ ಸಮೀಪ ಸರ್ಬಿಟನ್‌ನಲ್ಲಿ ಚಾರ್ಲ್ಸ್ ಕೂಪರ್ ಎಂಬವರ ಗ್ಯಾರೇಜು. 1946ರಲ್ಲಿ ಅವರ ಮಗ ಜಾನ್ ಮತ್ತು ಗೆಳೆಯ ಎರಿಕ್ ಬ್ರ್ಯಾಂಡನ್ ಸೇರಿ ಅಲ್ಲಿ ಇಂಥದೊಂದು ಕಾರು ಕಟ್ಟಿದರು. ಫಿಯೆಟ್ ಟೊಪೊಲಿನೊ ಎಂಬ ಪುಟ್ಟ ಕಾರಿನ ಮುಂಭಾಗಗಳು ಎರಡು ಸಿಕ್ಕಿದವು. ಒಂದನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ಇಟ್ಟು ವೆಲ್ಡ್ ಮಾಡಿದರು. ನಾಲ್ಕು ಚಕ್ರಕ್ಕೂ ಸ್ಪ್ರಿಂಗ್ ಆಯಿತು! ಎಂಜಿನು ಜೆಎಪಿ ಕಂಪೆನಿಯ ಒಂಟಿ ಸಿಲಿಂಡರಿನದು. 1910ರಲ್ಲಿ ಒಲಿಂಪಿಯಾದಲ್ಲಿ ಇಟ್ಟ ಮಾರ್ಗನ್ ಗಾಡಿಗಳಿಗೂ ಇದೇ ಕಂಪೆನಿಯ ಎಂಜಿನು ಇತ್ತು.

ಎಂಜಿನನ್ನು ಎಲ್ಲಿಡುವುದು? ಬೈಕಿನ ಎಂಜಿನಿನಿಂದ ಚಕ್ರಕ್ಕೆ ಶಕ್ತಿ ಹೋಗುವುದು ಚೈನಿನಲ್ಲಿ. ಚೈನು ಉದ್ದವಾದರೆ ತೊಂದರೆ. ಹಾಗಾಗಿ ಎಂಜಿನನ್ನು ಚಾಲಕನ ಬೆನ್ನ ಹಿಂದೆ, ಹಿಂದಿನ ಚಕ್ರದ ಹತ್ತಿರ ಇಟ್ಟರು. ಅನುಕೂಲಕ್ಕೆಂದು ಮಾಡಿದ್ದು, ಸಿದ್ಧಾಂತವೇನೂ ಇರಲಿಲ್ಲ. ಆದರೆ ಭಾರವೆಲ್ಲ ನಡುವಿಗೆ ಬಂದು ಕಾರು ತಿರುವಿನಲ್ಲಿ ಚುರುಕಾಯಿತು. ಉದ್ದದ ಶಾಫ್ಟ್ ಇಲ್ಲದ್ದರಿಂದ ಚಾಲಕ ಇನ್ನೂ ತಗ್ಗಿ ಕೂರಬಹುದಾಯಿತು.

ಹಿಂದಿನ ಎಂಜಿನು ಹೊಸ ವಿಚಾರವೇನಲ್ಲ. 1930ರ ದಶಕದಲ್ಲಿ ಜರ್ಮನಿಯ ಆಟೋ ಯೂನಿಯನ್ ಅಂಥ ಬಲಿಷ್ಠ ಕಾರುಗಳನ್ನು ಮಾಡಿತ್ತು. ಆದರೆ ಆ ದಾರಿಯನ್ನು ಯಾರೂ ಮುಂದುವರಿಸಿರಲಿಲ್ಲ. ಕೂಪರ್ ಅಪ್ಪ-ಮಗ ಮುಂದುವರಿಸಿದರು. 1948ರಲ್ಲಿ 18 ವರ್ಷದ ಸ್ಟರ್ಲಿಂಗ್ ಮಾಸ್ ಅವರಿಂದ 500 ಸಿಸಿಯ ಕಾರು ಕೊಂಡ. 1950ರಲ್ಲಿ ಈ ಗ್ಯಾರೇಜು ಕಾರುಗಳ ವರ್ಗವೇ ‘ಫಾರ್ಮುಲಾ 3’ ಎಂದು ಅಂತಾರಾಷ್ಟ್ರೀಯ ಮನ್ನಣೆ ಪಡೆಯಿತು. 1958ರ ಅರ್ಜೆಂಟೀನಾ ಸ್ಪರ್ಧೆಯಲ್ಲಿ ಅದೇ ಮಾಸ್ ಕೂಪರ್ ಕಾರಿನಲ್ಲಿ ಗೆದ್ದ. ವಿಶ್ವ ಚಾಂಪಿಯನ್‌ಶಿಪ್ಪಿನ ಫಾರ್ಮುಲಾ 1 ಸ್ಪರ್ಧೆಯಲ್ಲಿ ಹಿಂದೆ ಎಂಜಿನಿರುವ ಕಾರಿಗೆ ಅದು ಮೊದಲ ಗೆಲುವು. 1959 ಮತ್ತು 1960ರಲ್ಲಿ ಆಸ್ಟ್ರೇಲಿಯಾದ ಜ್ಯಾಕ್ ಬ್ರಾಬಮ್ ಕೂಪರ್ ಕಾರಿನಲ್ಲಿ ವಿಶ್ವ ಚಾಂಪಿಯನ್ ಆದರು. 1960ರ ನಂತರ ಮುಂದೆ ಎಂಜಿನಿರುವ ಕಾರು ಆ ಚಾಂಪಿಯನ್‌ಶಿಪ್ಪಿನ ಒಂದು ಸ್ಪರ್ಧೆಯನ್ನೂ ಗೆದ್ದಿಲ್ಲ. ಟಿವಿಯಲ್ಲಿ ಫಾರ್ಮುಲಾ 1 ನೋಡುವ ಮಕ್ಕಳೇ, ಆ ಕಾರುಗಳ ಎಂಜಿನು ಹಿಂದೆ ಬಂದ ದಾರಿಯಲ್ಲಿ ಒಂದು ಬೈಕಿನ ಚೈನು ಇದೆ!

ಮತ್ತೊಂದು ಶಾಲೆ

ಇಂಗ್ಲೆಂಡಿನ ಔಂಡಲ್ ಎಂಬ ಶಾಲೆಯಲ್ಲಿ 1892ರಿಂದ 1922ರ ತನಕ ಸ್ಯಾಂಡರ್ಸನ್ ಎಂಬವರು ಮುಖ್ಯೋಪಾಧ್ಯಾಯರಾಗಿದ್ದರು. ಗ್ರೀಕ್, ಲ್ಯಾಟಿನ್ ಓದಿದವನೇ ವಿದ್ಯಾವಂತ ಎಂದು ನಂಬಿದ್ದ ಕಾಲದಲ್ಲಿ ಅವರು ಶಾಲೆಯೊಳಗೆ ಪ್ರಯೋಗಾಲಯ, ವರ್ಕ್‌ಶಾಪು ಕಟ್ಟಿಸಿದರು. ಅವರ ಜೀವನ ಚರಿತ್ರೆ ಬರೆದವರು ಪ್ರಸಿದ್ಧ ಲೇಖಕ ಎಚ್.ಜಿ. ವೆಲ್ಸ್.

ಅದೇ ಶಾಲೆಯಲ್ಲಿ ಮುಂದೆ ಅಧ್ಯಾಪಕರಾದವರು ರಾನ್ ಚಾಂಪಿಯನ್. 1957ರಲ್ಲಿ ಬಂದ ಲೋಟಸ್ ಸೆವೆನ್ ಎಂಬ ಹಗುರ ಕಾರಿನಂಥದ್ದನ್ನು ಹಳೆಯ ಫೋರ್ಡ್ ಎಸ್ಕಾರ್ಟ್ ಕಾರಿನ ಭಾಗಗಳಿಂದ ಕಟ್ಟುವ ಬಗೆಯನ್ನು ಅವರು 1996ರಲ್ಲಿ ಪುಸ್ತಕವಾಗಿ ಬರೆದರು. ಬರೇ 250 ಪೌಂಡಿನಲ್ಲಿ ಕಟ್ಟಬಹುದು ಎಂದು ಪುಸ್ತಕದ ಹೆಸರಿನಲ್ಲೇ ಇತ್ತು. ಚೌಕಟ್ಟಿಗೆ ಬೇಕಾದದ್ದು ಒಂದು ಇಂಚಿನ ಚೌಕ ಕೊಳವೆ. ನಮ್ಮ ಊರಿನ ಗೇಟು, ಕಿಟಕಿ ಮಾಡುವ ವೆಲ್ಡಿಂಗ್ ಅಂಗಡಿಯಲ್ಲಿ ಸಿಗುತ್ತದಲ್ಲ, ಅಂಥದ್ದು. ಈ ಬಗೆಯ ಕಾರಿಗೆ ‘ಲೋಕಾಸ್ಟ್’ ಎಂಬ ಹೆಸರಾಯಿತು. ಜಗತ್ತಿನ ಬೇರೆ ಬೇರೆ ಕಡೆ ಜನ ಮನೆಯಂಗಳದಲ್ಲಿ ಕಟ್ಟಿದರು. ಕೆಲವರು ಕಾರಿನ ಎಂಜಿನು ಬಿಟ್ಟು ಹೊಂಡಾ ಫೈರ್‌ಬ್ಲೇಡ್, ಯಮಾಹಾ ಆರ್1 ಬೈಕುಗಳ ಎಂಜಿನು ಹಾಕಿದರು. ಎಂಜಿನು, ಕ್ಲಚ್ಚು, ಗಿಯರು ಎಲ್ಲ ಒಂದೇ ಗಂಟಿನಲ್ಲಿ, ಅದೂ ಹಗುರ!

ಆದರೆ ಬೈಕಿನದನ್ನು ಕಾರಿಗೆ ಕೂರಿಸಿದರೆ ಹೊಸ ಸಮಸ್ಯೆಗಳು ಹುಟ್ಟುತ್ತವೆ. ಬೈಕು ತಿರುವಿನಲ್ಲಿ ವಾಲುತ್ತದೆ, ಹಾಗಾಗಿ ಎಂಜಿನಿನ ಆಯಿಲ್ ತಳದಲ್ಲೇ ಇರುತ್ತದೆ. ಕಾರು ವಾಲುವುದಿಲ್ಲ. ಆಯಿಲ್ ಒಂದು ಬದಿಗೆ ಹರಿದು, ಪಂಪು ಬರೇ ಗಾಳಿ ಎಳೆದು, ಎಂಜಿನು ಸುಟ್ಟುಹೋಗಬಹುದು. ಅದಕ್ಕೆ ಆಯಿಲ್ ತೊಟ್ಟಿಯೊಳಗೆ ತಡೆಗೋಡೆಯಂತೆ ತಗಡು ಹಾಕುತ್ತಾರೆ. ರಿವರ್ಸಿಗೆ ಬೇರೆಯೇ ಏರ್ಪಾಡು ಬೇಕು. ಹಗುರ ಬೈಕಿಗೆಂದು ಮಾಡಿದ ಕ್ಲಚ್ಚು ಕಾರಿನ ಭಾರಕ್ಕೆ ಬೇಗ ಸವೆಯುತ್ತದೆ. ಬಸ್ಸಿನಲ್ಲಿ ನಿಂತು ತಿರುವಿನಲ್ಲಿ ಒಂದು ಬದಿಗೆ ತೂಗಾಡಿದ ಮಗುವಿಗೆ ಆಯಿಲಿನ ಕಥೆ ತಟ್ಟನೆ ಅರ್ಥವಾಗುತ್ತದೆ. ಜಡತ್ವದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ನಮ್ಮ ಶಾಲೆಗಳ ಮಾತು

ಒಂದು ಎಚ್ಚರಿಕೆ ಮೊದಲು. ನಮ್ಮ ದೇಶದ ಕಾನೂನಿನಂತೆ ಮನೆಯಲ್ಲಿ ಕಟ್ಟಿದ ಗಾಡಿಯನ್ನು ಹಾಗೆಯೇ ರಸ್ತೆಗಿಳಿಸುವಂತಿಲ್ಲ. ಹಾಗಾಗಿ ಯಾರೂ ಅಣ್ಣನ ಬೈಕಿನ ಎಂಜಿನು ಬಿಚ್ಚಲು ಹೋಗಬೇಡಿ! ಇಂಥ ಆಸೆಗೆ ಸರಿಯಾದ ದಾರಿ ಬೇರೆ ಇದೆ. 1981ರಲ್ಲಿ ಅಮೆರಿಕದಲ್ಲಿ ಆರಂಭವಾದ ‘ಫಾರ್ಮುಲಾ ಎಸ್‌ಎಇ’ ಸ್ಪರ್ಧೆಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಕಾರು ಕಟ್ಟಿ ತರುತ್ತಾರೆ. ಪೆಟ್ರೋಲ್ ಕಾರುಗಳಲ್ಲಿ ಬಹಳಷ್ಟು ತಂಡಗಳು ಬಳಸುವುದು ಬೈಕಿನ ಎಂಜಿನನ್ನೇ. ಭಾರತದಲ್ಲಿ 2011ರಿಂದ ‘ಸುಪ್ರಾ’ ಎಂಬ ಹೆಸರಿನಲ್ಲಿ ಇಂಥ ಸ್ಪರ್ಧೆ ನಡೆದು ಬಂದಿದೆ. ಕನ್ನಡ ಮಾಧ್ಯಮದಲ್ಲಿ ಕಲಿತ ಮಕ್ಕಳಿಗೆ ಆ ಬಾಗಿಲು ಮುಚ್ಚಿಲ್ಲ.

ಆದರೆ ಅಲ್ಲಿಯವರೆಗೆ ತಲುಪುವ ಆಸೆ ಹುಟ್ಟಬೇಕಾದ್ದು ಶಾಲೆಯಲ್ಲಿ. ಕಾಸರಗೋಡಿನ ನಮ್ಮ ಮಕ್ಕಳು ಉಪಜಿಲ್ಲಾ ವೃತ್ತಿ ಪರಿಚಯ ಮೇಳಗಳಲ್ಲಿ ಛತ್ರಿ ಕಟ್ಟುತ್ತಾರೆ, ವಯರಿಂಗ್ ಮಾಡುತ್ತಾರೆ, ತಗಡು ಕತ್ತರಿಸಿ ಪಾತ್ರೆ ಮಾಡುತ್ತಾರೆ. ಆ ಕೈಗಳ ಚುರುಕು ನೋಡಿದರೆ ಸಂತೋಷವಾಗುತ್ತದೆ. ಮೇಳ ಮುಗಿದು ಸರ್ಟಿಫಿಕೇಟು ಬಂದ ಮೇಲೆ ಆ ಕೆಲಸವೂ ಮುಗಿಯಿತು! “ಇನ್ನು ಓದು, ಹತ್ತನೆಯ ತರಗತಿ ಬಂತು” ಎನ್ನುತ್ತೇವೆ. ಕೈಕೆಲಸ ಎಂದರೆ ಓದಲಾಗದವರಿಗೆ ಎಂಬ ಭಾವನೆ ಹೆತ್ತವರಲ್ಲಿದೆ, ಅಧ್ಯಾಪಕರಾದ ನಮ್ಮಲ್ಲೂ ಇದೆ. ಮೇಳದಲ್ಲಿ ತಗಡು ಕತ್ತರಿಸಿದ ಹುಡುಗ ಭೌತಶಾಸ್ತ್ರದ ಪುಸ್ತಕ ತೆರೆಯುವಾಗ, ಆ ಎರಡೂ ಒಂದೇ ವಿದ್ಯೆ ಎಂದು ಅವನಿಗೆ ಹೇಳುವವರು ಯಾರು?

ಮಾರ್ಗನ್‌ಗೆ ಎಂಜಿನು ಅಂಗಡಿಯಲ್ಲಿ ಸಿಕ್ಕಿತು. ಜ್ಞಾನ ರೈಲ್ವೆಯಲ್ಲಿ ಸಿಕ್ಕಿತು. ಹಣ ತಂದೆಯಿಂದ ಬಂತು. ಸಿಗದೇ ಇದ್ದದ್ದು ಯಂತ್ರಗಳಿರುವ ಒಂದು ಕೋಣೆ ಮತ್ತು “ಬಾ, ಮಾಡಿ ನೋಡುವ” ಎನ್ನುವ ಒಬ್ಬರು. ಅದನ್ನು ಒಂದು ಶಾಲೆ ಕೊಟ್ಟಿತು. ಸ್ಟೀಫನ್‌ಸನ್-ಪೀಚ್ ಅವರ ಹೆಸರು ಕಾರಿನ ಮೇಲೆ ಇಲ್ಲ. ಆದರೆ ಮಾರ್ಗನ್ ಕಾರಿನ ಕಥೆ ಹೇಳುವವರು ಅವರನ್ನು ಬಿಟ್ಟು ಹೇಳಲಾರರು.

ನಮ್ಮ ಶಾಲೆಗಳ ಪ್ರಯೋಗಾಲಯದ ಕಪಾಟಿನ ಬೀಗದ ಕೈ ಯಾರ ಹತ್ತಿರ ಇದೆ, ಈ ವರ್ಷ ಎಷ್ಟು ಸಲ ತೆರೆದಿದ್ದೇವೆ ಎಂದು ಅಧ್ಯಾಪಕ ಮಿತ್ರರು ಒಮ್ಮೆ ನೋಡೋಣ. ಊರಿನ ವೆಲ್ಡಿಂಗ್ ಅಂಗಡಿಯವರನ್ನೋ ಗ್ಯಾರೇಜಿನವರನ್ನೋ ಒಂದು ಶನಿವಾರ ಶಾಲೆಗೆ ಕರೆದು, ಒಂದು ಹಳೆಯ ಎಂಜಿನನ್ನು ಮಕ್ಕಳೆದುರು ಬಿಚ್ಚಿಸಿ, ಮತ್ತೆ ಜೋಡಿಸಲು ಹೇಳೋಣ. ಅದಕ್ಕೆ ದೊಡ್ಡ ಖರ್ಚಿಲ್ಲ. ಬಿಚ್ಚಿದ ಪಿಸ್ಟನನ್ನು ಕೈಯಲ್ಲಿ ಹಿಡಿದ ಮಗು ಏನು ಪ್ರಶ್ನೆ ಕೇಳುತ್ತದೆ ಎಂದು ಆಮೇಲೆ ಮಾತಾಡೋಣ.